ಶಾಲೆ ನೋಡಲು ಹೋಗಿ ಶಾಸನ ಕಂಡ ರೈಸ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಬಿ.ಎಲ್. ರೈಸ್ ಹೆಸರು ಗೊತ್ತು. ಹೊಂದಿಸಿ ಬರೆಯಿರಿ ಪ್ರಶ್ನೆಯಲ್ಲಿ ಒಂದು ಕಡೆ ಅವರ ಹೆಸರು, ಇನ್ನೊಂದು ಕಡೆ 'ಎಪಿಗ್ರಾಫಿಯಾ ಕರ್ನಾಟಿಕಾ'. ಹೊಂದಿಸಿದರೆ ಒಂದು ಅಂಕ ಬಂತು. ಆದರೆ ರೈಸ್ ಸರ್ಕಾರಿ ಕೆಲಸಕ್ಕೆ ಸೇರಿದ್ದು ಶಾಸನ ಓದುವುದಕ್ಕಲ್ಲ. ಮೇಷ್ಟ್ರಾಗಿ ಸೇರಿ, ಶಾಲಾ ಇನ್‌ಸ್ಪೆಕ್ಟರ್ ಆಗಿ, ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ನಿರ್ದೇಶಕರಾದವರು ಅವರು.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್ ಆ ತಂದೆಯ ಹೆಸರಿನದು. ಇಂಗ್ಲೆಂಡಿನಲ್ಲಿ ಓದು ಮುಗಿಸಿದ ಮಗ 1860ರಲ್ಲಿ ಹುಟ್ಟಿದೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಆಗ ಅವರ ವಯಸ್ಸು ಇಪ್ಪತ್ತಮೂರರ ಆಸುಪಾಸು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಹುದ್ದೆ ಬಂತು.

ಆಗ ಸರ್ಕಾರಿ ಶಾಲೆಗಳಿದ್ದದ್ದು ಹೆಚ್ಚಾಗಿ ಪಟ್ಟಣಗಳಲ್ಲಿ. ಹಳ್ಳಿಯ ಮಕ್ಕಳಿಗೆ ಕೂಲಿಮಠವೇ ಗತಿ. ಅದೂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 1868ರಲ್ಲಿ ರೈಸ್ ಒಂದು ಯೋಜನೆ ಮುಂದಿಟ್ಟರು: ಹೋಬಳಿಗೊಂದು ಶಾಲೆ. ಮೇಷ್ಟ್ರನ್ನು ದೂರದಿಂದ ಕರೆತರುವ ಬದಲು ಆಯಾ ಸೀಮೆಯವರನ್ನೇ ಆರಿಸಿ, ತರಬೇತಿ ಕೊಟ್ಟು, ಮತ್ತೆ ಅಲ್ಲಿಗೇ ಕಳಿಸುವುದು ಅದರ ಮುಖ್ಯ ಅಂಶ. ಮೈಸೂರು ಸೀಮೆಯ ಹಳ್ಳಿಗಾಡಿಗೆ ಸರ್ಕಾರಿ ಕನ್ನಡ ಶಾಲೆ ವ್ಯವಸ್ಥಿತವಾಗಿ ಕಾಲಿಟ್ಟದ್ದು ಹೀಗೆ.

ಇನ್‌ಸ್ಪೆಕ್ಟರ್ ಕೆಲಸವೆಂದರೆ ಊರೂರು ತಿರುಗುವುದು. ಕುದುರೆ ಏರಿ ಶಾಲೆಯಿಂದ ಶಾಲೆಗೆ ಹೋಗುವಾಗ ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ಕಂಡವು. ಊರಿನವರಿಗೆ ಅವು ಬರೀ ಕಲ್ಲು. ಓದಬಲ್ಲವರು ತೀರ ಕಡಿಮೆ. ಅದೇ ಹೊತ್ತಿಗೆ ಮೇಜರ್ ಡಿಕ್ಸನ್ ತೆಗೆದಿದ್ದ ಸುಮಾರು 150 ಶಾಸನಗಳ ಫೋಟೊಗಳನ್ನು ಓದಿಸುವ ಕೆಲಸವೂ ರೈಸ್ ಪಾಲಿಗೆ ಬಂತು. ಹಳಗನ್ನಡ ಬಲ್ಲ ಪಂಡಿತರನ್ನು ಜೊತೆಗಿಟ್ಟುಕೊಂಡು ಅವರು ಒಂದೊಂದೇ ಅಕ್ಷರ ಬಿಡಿಸಿದರು. 1879ರಲ್ಲಿ 'ಮೈಸೂರು ಇನ್‌ಸ್ಕ್ರಿಪ್ಷನ್ಸ್' ಪುಸ್ತಕ ಹೊರಬಂತು.

ಇಲಾಖೆಯ ಕೆಲಸವೇನೂ ಕಡಿಮೆಯಾಗಲಿಲ್ಲ. ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆದರು. 1881ರ ಜನಗಣತಿ ನಡೆಸಿದರು. ಮರುವರ್ಷ ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿಯಾದರು. 1885ರಲ್ಲಿ ಪುರಾತತ್ವದ ಹೊಣೆ ಹೆಚ್ಚುವರಿಯಾಗಿ ಹೆಗಲೇರಿತು. 1890ರಿಂದ ಅದೇ ಪೂರ್ಣಾವಧಿ ಕೆಲಸ.

ಆಮೇಲೆ ಸಿಕ್ಕದ್ದು ನಾಡಿನ ಚರಿತ್ರೆಯನ್ನೇ ಬದಲಿಸಿತು. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಕಂಡವು. ಮೌರ್ಯರ ಆಳ್ವಿಕೆ ಇಲ್ಲಿಯವರೆಗೆ ಹಬ್ಬಿತ್ತು ಎನ್ನಲು ಕಲ್ಲಿನ ಸಾಕ್ಷಿ ದೊರೆಯಿತು. ಎರಡು ವರ್ಷದ ಮೇಲೆ ಕದಂಬರ ಮೂಲ ಹೇಳುವ ತಾಳಗುಂದದ ಸ್ತಂಭ ಶಾಸನ ಬೆಳಕಿಗೆ ಬಂತು. ಜಿಲ್ಲಾವಾರು ಸಂಗ್ರಹ 12 ಸಂಪುಟಗಳಾದಾಗ ಶಾಸನಗಳ ಲೆಕ್ಕ ಸುಮಾರು 9,000. ಇದರ ನಡುವೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಪಂಪಭಾರತ, ಕವಿರಾಜಮಾರ್ಗದಂತಹ ಓಲೆಗರಿಯ ಕೃತಿಗಳು ಅಚ್ಚಾದವು.

ಅವರು ಹೇಳಿದ್ದೆಲ್ಲ ಸರಿ ಎಂದೇನೂ ಅಲ್ಲ. ಗಂಗರ ಕೆಲವು ತಾಮ್ರಪಟಗಳು ಕೂಟ ಶಾಸನಗಳೆಂದು ಫ್ಲೀಟ್ ವಾದಿಸಿದರು. ಕಾಲನಿರ್ಣಯದ ಬಗ್ಗೆ ಇಬ್ಬರ ನಡುವೆ ದೊಡ್ಡ ಜಟಾಪಟಿಯೇ ನಡೆಯಿತು. ರೈಸ್ ಹೇಳಿದ್ದರಲ್ಲಿ ಹಲವನ್ನು ಮುಂದಿನವರು ತಿದ್ದಿದರು. ಇನ್ನೊಂದು ಮಾತನ್ನೂ ಮರೆಯಬಾರದು. ಬ್ರಿಟಿಷ್ ಅಧಿಕಾರಿಗೆ ಆಗ ತೆರೆದಿದ್ದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಓದಿಕೊಟ್ಟ ಪಂಡಿತರಲ್ಲಿ ಹೆಚ್ಚಿನವರ ಹೆಸರು ನಮಗೆ ಗೊತ್ತಿಲ್ಲ. ಅವರ ಸಹಾಯಕರಾಗಿದ್ದು, ನಂತರ ಅದೇ ಕುರ್ಚಿಯಲ್ಲಿ ಕೂತ ಆರ್. ನರಸಿಂಹಾಚಾರ್ಯರನ್ನು ಮಾತ್ರ ಕನ್ನಡ ಲೋಕ ನೆನೆಯುತ್ತದೆ.

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿದರು. 1927ರಲ್ಲಿ, 90ರ ಹೊಸ್ತಿಲಲ್ಲಿ, ಅಲ್ಲೇ ತೀರಿಕೊಂಡರು.

ಕೆಲಸ ಸಿಕ್ಕರೆ ಸಾಕು ಎಂದು ಕಾಯುತ್ತಿರುವ ನಮ್ಮಂಥವರಿಗೆ ಈ ಬದುಕಿನಲ್ಲಿ ಒಂದು ವಿಷಯ ಮುಖ್ಯ. ಶಾಸನ ಹುಡುಕು ಎಂದು ಇನ್‌ಸ್ಪೆಕ್ಟರ್ ರೈಸ್‌ಗೆ ಯಾವ ನೇಮಕಾತಿ ಆದೇಶವೂ ಹೇಳಿರಲಿಲ್ಲ. ಹೇಗೂ ಹೋಗಬೇಕಾಗಿದ್ದ ದಾರಿಯಲ್ಲಿ ಅವರು ಕಣ್ಣು ತೆರೆದುಕೊಂಡು ಹೋದರು, ಅಷ್ಟೆ. ಅವರು ದಾಖಲಿಸಿದ ಕಲ್ಲುಗಳಲ್ಲಿ ಎಷ್ಟೋ ಇಂದು ರಸ್ತೆ, ಲೇಔಟುಗಳ ಅಡಿಯಲ್ಲಿ ಕಾಣೆಯಾಗಿವೆ. ಅವುಗಳ ಮಾತು ಉಳಿದಿರುವುದು ಆ ಸಂಪುಟಗಳಲ್ಲಿ ಮಾತ್ರ. ಊರಿಗೆ ಹೋದಾಗ ನಮ್ಮ ಹೋಬಳಿಯ ಶಾಸನ ಯಾವುದು, ಅದು ಈಗ ಎಲ್ಲಿದೆ ಎಂದು ಒಮ್ಮೆ ಹುಡುಕಿ ನೋಡಬಹುದು. ಅದಕ್ಕೆ ಹುದ್ದೆಯೂ ಬೇಕಿಲ್ಲ, ಕುದುರೆಯೂ ಬೇಕಿಲ್ಲ.