ಹತ್ತಿಯ ಕುಲವನ್ನು ಓದಿದ ಸರ್ ಜಾರ್ಜ್ ವಾಟ್

ಮುಂಬಯಿಯ ಹಾರ್ಬರ್ ರೈಲುಮಾರ್ಗದಲ್ಲಿ ಓಡಾಡುವ ನಮ್ಮ ಬಾಂಧವರಿಗೆ ಕಾಟನ್ ಗ್ರೀನ್ ಎಂಬ ನಿಲ್ದಾಣ ಪರಿಚಿತವಾದುದೇ. ದೇಶದ ನಾನಾ ಭಾಗಗಳಿಂದ ಬಂದ ಹತ್ತಿ ಈ ನಗರದ ಪೇಟೆಯಲ್ಲಿ ಬೆಟ್ಟದಂತೆ ಬಿದ್ದಿರುತ್ತಿದ್ದ ಕಾಲದ ನೆನಪನ್ನು ಆ ಹೆಸರು ಇಂದಿಗೂ ಹೊತ್ತು ನಿಂತಿದೆ. ಆ ಪೇಟೆಯಲ್ಲಿ ಹತ್ತಿಯನ್ನು ಕರೆಯುತ್ತಿದ್ದುದು ಊರಿನ ಹೆಸರಿನಿಂದ. ಭಡೋಚದ ಕಡೆಯದು ಭಡೋಚ, ಧೋಲೇರಾ ಬಂದರದ್ದು ಧೋಲೇರಾ, ಅಮರಾವತಿಯದು ಉಮ್ರಾ. ಇವುಗಳ ಸಾಲಿನಲ್ಲಿ ನಮ್ಮ ಕನ್ನಡ ನಾಡಿನದೊಂದು ಹೆಸರೂ ಇದ್ದಿತು. ಅದು ಕುಮಟಾ.

ಕುಮಟೆಯ ಕಡೆಯವರು ಇದನ್ನೋದಿ ನಗಬಹುದು. ಅಡಕೆ ತೆಂಗುಗಳ ಆ ಕರಾವಳಿಯಲ್ಲಿ ಹತ್ತಿಯ ಹೊಲ ಎಲ್ಲಿಯದು? ಹತ್ತಿ ಬೆಳೆಯುತ್ತಿದ್ದುದು ಘಟ್ಟದ ಮೇಲೆ, ಧಾರವಾಡ ಸೀಮೆಯ ಎರೆಯ ಭೂಮಿಯಲ್ಲಿ. 1880ರ ದಶಕದಲ್ಲಿ ರೈಲು ಆ ಸೀಮೆಯನ್ನು ಮುಟ್ಟುವ ಮೊದಲು, ಅಲ್ಲಿಯ ಅಂಡಿಗೆಗಳು ಹೇರೆತ್ತುಗಳ ಬೆನ್ನಿನ ಮೇಲೆಯೂ ಗಾಡಿಗಳಲ್ಲಿಯೂ ಘಟ್ಟವಿಳಿದು, ಕುಮಟೆಯ ಬಂದರದಲ್ಲಿ ಹಡಗನ್ನೇರಿ ಮುಂಬಯಿಗೆ ಬರುತ್ತಿದ್ದವು. ಹಡಗು ಹೊರಟ ಊರಿನ ಹೆಸರೇ ಸರಕಿಗೆ ಅಂಟಿಕೊಂಡಿತು. ವ್ಯಾಪಾರಕ್ಕೆ ಅಷ್ಟು ಸಾಕು. ಆದರೆ ಉತ್ತಮ ಬೀಜವನ್ನು ಆರಿಸಿ ಹತ್ತಿಯ ತಳಿಯನ್ನು ಸುಧಾರಿಸಹೊರಟವನಿಗೆ ಬಂದರದ ಹೆಸರಿನಿಂದ ಏನು ಪ್ರಯೋಜನ? ಅವನಿಗೆ ಬೇಕಾದುದು ಗಿಡದ ಕುಲ. ಆ ಕುಲವನ್ನು ಗಿಡದ ಮೈಮೇಲಿನ ಗುರುತುಗಳಿಂದಲೇ ಓದುವ ಕೆಲಸದಲ್ಲಿ ಬಾಳಿನ ಬಹುಭಾಗವನ್ನು ಸವೆಸಿದ ಸರ್ ಜಾರ್ಜ್ ವಾಟ್ ಅವರನ್ನು ನಾವು ಇಂದು ಸ್ಮರಿಸೋಣ.

ವಾಟ್ ಅವರು ಜನಿಸಿದುದು 1851ರ ಏಪ್ರಿಲ್ 24ರಂದು, ಸ್ಕಾಟ್ಲೆಂಡಿನ ಅಬರ್ಡೀನ್ ಪ್ರಾಂತದ ಓಲ್ಡ್‌ಮೆಲ್ಡ್ರಮ್ ಎಂಬ ಸಣ್ಣ ಊರಿನಲ್ಲಿ. ಅಬರ್ಡೀನ್ ಮತ್ತು ಗ್ಲಾಸ್ಗೋ ನಗರಗಳಲ್ಲಿ ವ್ಯಾಸಂಗ ಮಾಡಿ ವೈದ್ಯಪದವಿಯನ್ನು ಪಡೆದರು. ಆ ಕಾಲದಲ್ಲಿ ಮದ್ದುಗಳಲ್ಲಿ ಬಹುಪಾಲು ಗಿಡಮೂಲಿಕೆಗಳಿಂದಲೇ ಬರುತ್ತಿದ್ದುದರಿಂದ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಓದಲೇಬೇಕಾಗಿದ್ದಿತು. ವಾಟ್ ಅವರ ಮನಸ್ಸು ರೋಗಿಗಳಿಗಿಂತ ಹೆಚ್ಚಾಗಿ ಗಿಡಗಳ ಕಡೆಗೇ ಒಲಿಯಿತು. 1873ರಲ್ಲಿ, 22ನೆಯ ವಯಸ್ಸಿನಲ್ಲಿ, ಅವರು ಬಂಗಾಳಕ್ಕೆ ಬಂದು ಹೂಗ್ಲಿಯ ಕಾಲೇಜಿನಲ್ಲಿ ಅಧ್ಯಾಪಕರಾದರು. 1882ರಲ್ಲಿ ಬರ್ಮಾ ಮತ್ತು ಮಣಿಪುರಗಳ ಗಡಿಯನ್ನು ಗುರುತಿಸಲು ಹೋದ ಆಯೋಗದೊಡನೆ ವೈದ್ಯರಾಗಿ ತೆರಳಿ, ಆ ಬೆಟ್ಟಗಳಲ್ಲಿ ಅಸಂಖ್ಯ ಸಸ್ಯಗಳನ್ನು ಸಂಗ್ರಹಿಸಿದರು. ಆ ಪ್ರದೇಶದ ಐರಿಸ್ ಹೂವೊಂದು ಇಂದಿಗೂ ಅವರ ಹೆಸರನ್ನು ಧರಿಸಿದೆ.

ಅವರ ಜೀವನಕ್ಕೆ ತಿರುವು ಕೊಟ್ಟುದು 1883-84ರಲ್ಲಿ ಕಲಕತ್ತೆಯಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನ. ಭಾರತದ ಧಾನ್ಯ, ನಾರು, ಎಣ್ಣೆ, ಬಣ್ಣ, ಅಂಟು, ಮರಮುಟ್ಟುಗಳನ್ನು ಒಪ್ಪವಾಗಿ ಜೋಡಿಸಿ ವಿವರ ಬರೆಯುವ ಹೊಣೆ ಅವರ ಪಾಲಿಗೆ ಬಂದಿತು. ಒಂದೇ ವಸ್ತುವಿಗೆ ಊರೂರಿಗೆ ಒಂದೊಂದು ಹೆಸರು. ಒಂದೇ ಹೆಸರಿನಲ್ಲಿ ಹತ್ತಾರು ವಸ್ತುಗಳು. ಈ ಗೊಂದಲವನ್ನು ಬಿಡಿಸಹೊರಟ ಕೆಲಸವೇ ಬೆಳೆದು, 1889ರಿಂದ 1893ರ ವರೆಗೆ ಪ್ರಕಟವಾದ ಭಾರತದ ಆರ್ಥಿಕ ಉತ್ಪನ್ನಗಳ ನಿಘಂಟಾಯಿತು. 6 ಸಂಪುಟಗಳ ಆ ಮಹಾಗ್ರಂಥದಲ್ಲಿ ಪ್ರತಿಯೊಂದು ಸಸ್ಯದ ಶಾಸ್ತ್ರೀಯ ನಾಮದ ಕೆಳಗೆ ದೇಶಭಾಷೆಗಳ ಹೆಸರುಗಳ ಪಟ್ಟಿಯಿದೆ. ಕನ್ನಡಕ್ಕೂ ಅಲ್ಲಿ ಸ್ಥಾನವುಂಟು. ಕಚೇರಿಯಲ್ಲಿ ಕಾಗದಪತ್ರಗಳ ನಡುವೆ ದಿನ ಕಳೆಯುವ ನಮ್ಮ ಗುಮಾಸ್ತ ಮಿತ್ರರು ಈ ಕೆಲಸದ ಭಾರವನ್ನು ಸುಲಭವಾಗಿ ಊಹಿಸಬಲ್ಲರು. ಬಂದ ವರದಿಗಳನ್ನು ಓದುವುದು, ತಾಳೆ ನೋಡುವುದು, ಚೀಟಿ ಹಚ್ಚುವುದು, ತಪ್ಪು ಕಂಡಲ್ಲಿ ಮತ್ತೆ ಬರೆಯುವುದು. ದೊಡ್ಡ ವಿದ್ಯೆಯ ತಳಹದಿ ಅನೇಕ ವೇಳೆ ಇಂತಹ ಬೇಸರದ ದುಡಿಮೆಯೇ ಆಗಿರುತ್ತದೆ.

ಈ ಪರಿಶ್ರಮವೆಲ್ಲ ಯಾರ ಲಾಭಕ್ಕಾಗಿ ಎಂಬ ಪ್ರಶ್ನೆಯನ್ನು ನಾವು ಕೇಳದೆ ಬಿಡಲಾಗದು. 1887ರಿಂದ 1903ರ ವರೆಗೆ ವಾಟ್ ಅವರು ಭಾರತ ಸರಕಾರದ ಆರ್ಥಿಕ ಉತ್ಪನ್ನಗಳ ವರದಿಗಾರರಾಗಿದ್ದರು. ಈ ನೆಲದಲ್ಲಿ ಏನು ಬೆಳೆಯುತ್ತದೆ, ಅದನ್ನು ಯಾವ ಕಾರಖಾನೆಗೆ ಸಾಗಿಸಬಹುದು ಎಂಬುದನ್ನು ಆಳುವವರಿಗೆ ತಿಳಿಸುವುದೇ ಆ ಹುದ್ದೆಯ ಉದ್ದೇಶ. ಲ್ಯಾಂಕಶೈರಿನ ಗಿರಣಿಗಳ ಹಸಿವು ಅದರ ಹಿಂದೆ ಇದ್ದೇ ಇದ್ದಿತು. ಆದರೂ ಅವರು ಕೂಡಿಟ್ಟ ಜ್ಞಾನ ಆಳುವವರೊಡನೆ ಹೊರಟುಹೋಗಲಿಲ್ಲ. ಈ ದೇಶದ ವಿಜ್ಞಾನಿಗಳ ಕೈಗೂ ಅದು ಬಂದಿತು. 1903ರ ದಿಲ್ಲಿಯ ಭಾರತೀಯ ಕಲಾ ಪ್ರದರ್ಶನವನ್ನು ನಿರ್ವಹಿಸಿದ ಅವರಿಗೆ ಅದೇ ವರ್ಷ ಸರ್ ಪದವಿ ದೊರೆಯಿತು.

ಇನ್ನು ಹತ್ತಿಯ ವಿಷಯಕ್ಕೆ ಬರೋಣ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತಾಗ, ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಬೆಲೆಯೊಡನೆ ಕಲಬೆರಕೆಯೂ ಬಂದಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸವನ್ನು ತಡೆಯಲು ಒಂದು ಕಾನೂನನ್ನೇ ಮಾಡಬೇಕಾಯಿತು. ಆದರೆ ಅಂಡಿಗೆಯೊಳಗೆ ಕಲ್ಲು ಕಸ ತುಂಬುವ ಮೋಸವನ್ನು ಕಾನೂನು ಹಿಡಿಯಬಹುದು. ಹೊಲದಲ್ಲಿಯೇ ನಡೆಯುವ ಬೆರಕೆಯನ್ನು ಹಿಡಿಯುವವರಾರು? ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ನೆಲೆಯೂರಿದ್ದಿತು. ಅದಕ್ಕೆ ಧಾರವಾಡ-ಅಮೆರಿಕನ್ ಎಂದು ಹೆಸರು. ಪಕ್ಕದ ಹೊಲದಲ್ಲಿ ಕುಮಟಾ, ಈಚೆಯ ಹೊಲದಲ್ಲಿ ಅಮೆರಿಕನ್. ಎರಡೂ ಹೋಗುವುದು ಅರಳೆ ಬಿಡಿಸುವ ಒಂದೇ ಕಾರಖಾನೆಗೆ. ಅಲ್ಲಿ ಕಾಳುಗಳು ಕಲೆತರೆ, ಮರುವರ್ಷ ರೈತ ತನಗರಿವಿಲ್ಲದೆ ಬೆರಕೆಯನ್ನೇ ಬಿತ್ತುತ್ತಾನೆ. ಉದ್ದ ಎಳೆಯೂ ಗಿಡ್ಡ ಎಳೆಯೂ ಕೂಡಿದ ಅರಳೆಯಿಂದ ನೂಲು ಸಮನಾಗಿ ಬಾರದು, ಬೆಲೆ ಇಳಿಯುತ್ತದೆ, ಆ ನಷ್ಟ ಕೊನೆಗೆ ಬೀಳುವುದು ರೈತನ ತಲೆಯ ಮೇಲೆ. ಬೆರಕೆಯ ಗಿಡವನ್ನು ಹೊಲದಲ್ಲಿಯೇ ಗುರುತಿಸಿ ಕಿತ್ತೊಗೆಯುವ ಕಣ್ಣು ಬೇಕಾಗಿದ್ದಿತು.

ಈ ಕಣ್ಣಿಗೆ ಪಾಠ ಹೇಳುವ ಗ್ರಂಥವನ್ನು ವಾಟ್ ಅವರು 1907ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಜಗತ್ತಿನ ಕಾಡು ಹತ್ತಿಗಳನ್ನೂ ಕೃಷಿಯ ಹತ್ತಿಗಳನ್ನೂ ಕುರಿತ ಆ ಗ್ರಂಥವನ್ನು ಹತ್ತಿಯ ಸುಧಾರಣೆಗೆ ಕೈಹಾಕುವವರ ನೆರವಿಗಾಗಿಯೇ ರಚಿಸಿದುದಾಗಿ ಅದರ ಮುಖಪುಟವೇ ಸಾರುತ್ತದೆ. ಅವರಿಗಿಂತ ಹಿಂದೆ ಇಟಲಿಯ ಇಬ್ಬರು ಪಂಡಿತರು ಇದೇ ಕೆಲಸವನ್ನು ಮಾಡಿದ್ದರು. 1866ರಲ್ಲಿ ಪಾರ್ಲತೋರೆ ಅವರು ಹತ್ತಿಯಲ್ಲಿ ಏಳೇ ಜಾತಿಗಳನ್ನು ಕಂಡರು. ಮುಂದಿನ ದಶಕದಲ್ಲಿ ತೊದಾರೊ ಅವರು ಐವತ್ತಕ್ಕೂ ಮಿಕ್ಕು ಜಾತಿಗಳನ್ನು ಕಂಡರು! ಗಿಡ ಅದೇ, ನೋಡುವ ಕಣ್ಣು ಬೇರೆ. ಯಾವ ಗುರುತನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದೇ ನಿಜವಾದ ಸಮಸ್ಯೆಯಾಗಿದ್ದಿತು.

ಹತ್ತಿಯ ಹೊಲದಲ್ಲಿ ಸಾಮಾನ್ಯನ ಕಣ್ಣಿಗೆ ಮೊದಲು ಬೀಳುವುದು ಹೂವಿನ ಬಣ್ಣ. ಆದರೆ ಒಂದೇ ಜಾತಿಯಲ್ಲಿ ಹಳದಿ ಹೂವೂ ಬಿಳಿ ಹೂವೂ ಇರಬಹುದು. ಅದನ್ನೊಂದನ್ನೇ ನೆಚ್ಚಿ ಕುಲವನ್ನು ನಿರ್ಣಯಿಸಲಾಗದು. ವಾಟ್ ಅವರು ಹೂವನ್ನು ಬಿಟ್ಟು ಅದರ ಬುಡಕ್ಕೆ ದೃಷ್ಟಿ ಹರಿಸಿದರು. ಹತ್ತಿಯ ಮೊಗ್ಗನ್ನು ಮೂರು ಹಸಿರು ಎಲೆಗಳು ಅಂಗೈಗಳಂತೆ ಮುಚ್ಚಿಕೊಂಡಿರುವುದನ್ನು ಹಳ್ಳಿಯಲ್ಲಿ ಬೆಳೆದವರು ಕಂಡಿರಬೇಕು. ನಮ್ಮ ದೇಶದ ಹಳೆಯ ಹತ್ತಿಗಳಲ್ಲಿ ಈ ಮೂರೂ ಬುಡದಲ್ಲಿ ತುಸು ಕೂಡಿಕೊಂಡಿರುತ್ತವೆ. ಅವುಗಳ ಅಂಚಿನ ಹಲ್ಲುಗಳು ಕಿರಿದು. ಅಮೆರಿಕದ ಹತ್ತಿಗಳಲ್ಲಿ ಮೂರೂ ಬಿಡಿಬಿಡಿಯಾಗಿದ್ದು, ಅಂಚಿನಲ್ಲಿ ಉದ್ದವಾದ ಹಲ್ಲುಗಳು ಜಾಲರಿಯಂತೆ ಇಳಿಬಿದ್ದಿರುತ್ತವೆ.

ಎರಡನೆಯ ಗುರುತು ಬೀಜ. ಅರಳೆಯನ್ನು ಬಿಡಿಸಿದ ಮೇಲೆ ಕೆಲವು ಕಾಳುಗಳ ಮೇಲೆ ನುಣ್ಣನೆಯ ತುಪ್ಪಳ ಉಳಿಯುತ್ತದೆ. ಕೆಲವು ಕಾಳುಗಳು ಬೋಳಾಗಿ ಕಪ್ಪಗೆ ಹೊಳೆಯುತ್ತವೆ. ಈ ಎರಡು ಗುರುತುಗಳನ್ನು ಕೂಡಿಸಿ ಅವರು ಹತ್ತಿಯ ಕುಲವನ್ನು ಐದು ಪಂಗಡಗಳಾಗಿ ವಿಂಗಡಿಸಿದರು. ಕೂಡಿದ ಎಲೆ, ತುಪ್ಪಳದ ಬೀಜ: ಇದು ಏಷ್ಯದ ಪಂಗಡ, ನಮ್ಮ ಕುಮಟಾ ಇಲ್ಲಿಗೆ ಸೇರಿತು. ಬಿಡಿಯಾದ ಎಲೆ, ತುಪ್ಪಳದ ಬೀಜ: ಇದು ಧಾರವಾಡ-ಅಮೆರಿಕನ್ನಿನ ತವರು. ಬಿಡಿಯಾದ ಎಲೆ, ಬೋಳು ಬೀಜ: ಉದ್ದ ಎಳೆಗೆ ಹೆಸರಾದ ಸೀ ಐಲೆಂಡ್ ಹತ್ತಿಯ ಬಳಗ. ಉಳಿದೆರಡು ಪಂಗಡಗಳು ಕಾಡಿನವು. ಇವುಗಳ ತರುವಾಯ ಎಲೆ ಎಷ್ಟು ಆಳಕ್ಕೆ ಸೀಳಿದೆ, ಅದರ ಮೇಲೆ ರೋಮವುಂಟೆ, ಕಾಯಿ ದುಂಡಗಿದೆಯೋ ಚೂಪಾಗಿದೆಯೋ, ಅದರಲ್ಲಿ ತೊಳೆಗಳೆಷ್ಟು, ದಳದ ಬುಡದಲ್ಲಿ ಕೆಂಪು ಮಚ್ಚೆಯುಂಟೆ ಎಂಬ ಸೂಕ್ಷ್ಮಗಳು.

ಇಷ್ಟಾದರೂ ವಾಟ್ ಅವರ ಗ್ರಂಥ ದೋಷರಹಿತವಾದುದಲ್ಲ. ಅವರು ಸುಮಾರು 30 ಜಾತಿಗಳನ್ನು ಎಣಿಸಿದರು. ಮುಂದಿನವರು ಅವುಗಳಲ್ಲಿ ಅನೇಕವನ್ನು ಒಪ್ಪಲಿಲ್ಲ. ಅವರು ಬಹುವಾಗಿ ಅವಲಂಬಿಸಿದುದು ಕ್ಯೂ ಉದ್ಯಾನ ಮುಂತಾದ ಕಡೆಗಳಲ್ಲಿ ಕಾಗದಕ್ಕೆ ಹಚ್ಚಿಟ್ಟ ಒಣಗಿದ ಮಾದರಿಗಳನ್ನು. ಒಣಗಿದ ರೆಂಬೆ ತನ್ನ ರೂಪವನ್ನು ತೋರೀತು. ತನ್ನ ಮಕ್ಕಳು ಹೇಗಿರುವರೆಂಬುದನ್ನು ತೋರಲಾರದು. ಅದನ್ನು ತಿಳಿಯಲು ಬಿತ್ತಿ ನೋಡಬೇಕು. ಅದೇ ಕಾಲದಲ್ಲಿ ಕಾನಪುರದಲ್ಲಿ ಲೀಕ್ ಎಂಬ ವಿಜ್ಞಾನಿ, ಎಲೆಯ ಸೀಳಿನ ಉದ್ದಗಲಗಳನ್ನು ಅಳೆದು, ಆಳವಾಗಿ ಸೀಳಿದ ಎಲೆಯ ಗಿಡವನ್ನು ಅಗಲ ಎಲೆಯ ಗಿಡದೊಡನೆ ಸಂಕರಗೊಳಿಸಿದರು. ಮೊದಲ ಪೀಳಿಗೆಯಲ್ಲಿ ನಡುತರದ ಎಲೆ ಬಂದಿತು. ಎರಡನೆಯ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಎಲೆಗಳೂ ಮರಳಿ ಕಾಣಿಸಿಕೊಂಡವು. ಎಲೆಯ ಭೇದವೆಂದ ಮಾತ್ರಕ್ಕೆ ಜಾತಿಯ ಭೇದವಾಗದೆಂಬುದು ಇದರಿಂದ ತಿಳಿಯಿತು. ನಮ್ಮ ಧಾರವಾಡದಲ್ಲಿಯೂ ಜಿ. ಎಲ್. ಕೊಟ್ಟೂರ ಅವರು ಎರಡು ಬಗೆಯ ದೇಶೀ ಹತ್ತಿಗಳ ಸಂಕರದಲ್ಲಿ ಗುರುತುಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿದುಬರುತ್ತವೆಂಬುದನ್ನು ಪರೀಕ್ಷಿಸಿ 1923ರಲ್ಲಿ ಪ್ರಕಟಿಸಿದರು. ಕುಮಟಾ ಹತ್ತಿಯಿಂದ ಧಾರವಾಡ 1, ಧಾರವಾಡ-ಅಮೆರಿಕನ್ನಿನಿಂದ ಗದಗ 1 ಎಂಬ ಶುದ್ಧ ತಳಿಗಳು ಆರಿಸಿ ಬಂದುದು ಅಂತಹ ತಾಳ್ಮೆಯ ಕೆಲಸದಿಂದಲೇ.

ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ್ದ ವಾಟ್ ಅವರು ಹತ್ತಿಯನ್ನು ಮಾತ್ರ ಬಿಡಲಿಲ್ಲ. 1926-27ರಲ್ಲಿ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ಕ್ಯೂ ಉದ್ಯಾನದ ಪತ್ರಿಕೆಯಲ್ಲಿ ಹತ್ತಿಯನ್ನು ಕುರಿತು ಮತ್ತೆ ಬರೆದರು. ಆ ವೇಳೆಗೆ ಹೊಸ ತಲೆಮಾರಿನವರು ಸೂಕ್ಷ್ಮದರ್ಶಕವನ್ನು ಹಿಡಿದಿದ್ದರು. ಏಷ್ಯದ ಹತ್ತಿಗಳ ಜೀವಕೋಶದಲ್ಲಿ 13 ಜೊತೆ ವರ್ಣತಂತುಗಳು, ಅಮೆರಿಕದ ಕೃಷಿಯ ಹತ್ತಿಗಳಲ್ಲಿ 26 ಜೊತೆ ಎಂದು ಆ ದಶಕದಲ್ಲಿಯೇ ಎಣಿಕೆಯಾಯಿತು. ಈ ಎರಡು ಬಳಗಗಳ ಸಂಕರ ಸುಲಭವಾಗಿ ಕೂಡದು. ಕೂಡಿದರೂ ಹುಟ್ಟಿದ ಗಿಡ ಸಾಮಾನ್ಯವಾಗಿ ಬಂಜೆ. ಅದರ ಕಾರಣ ಈಗ ಸ್ಪಷ್ಟವಾಯಿತು. ಇಲ್ಲಿ ಒಂದು ವಿಶೇಷವನ್ನು ನಾವು ಗಮನಿಸಬೇಕು. ವಾಟ್ ಅವರ ಜಾತಿಗಳ ಎಣಿಕೆ ಬಿದ್ದುಹೋಯಿತು. ಆದರೆ ಹೂವಿನ ಬುಡದ ಮೂರು ಎಲೆಗಳು ಕೂಡಿವೆಯೋ ಬಿಡಿಯಾಗಿವೆಯೋ ಎಂದು ನೋಡಿ ಅವರು ಎಳೆದ ಗೆರೆ, ವರ್ಣತಂತುಗಳ ಗೆರೆಯೊಡನೆ ಸರಿಯಾಗಿ ಹೊಂದಿಕೊಂಡಿತು. ಬರಿಗಣ್ಣು ಕಂಡುದನ್ನು ಯಂತ್ರ ದೃಢಪಡಿಸಿತು. ವಾಟ್ ಅವರು 1930ರ ಏಪ್ರಿಲ್ 2ರಂದು ಸ್ಕಾಟ್ಲೆಂಡಿನ ಲಾಕರ್ಬಿಯಲ್ಲಿ, 78ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

1947ರಲ್ಲಿ ಹಚಿನ್ಸನ್ ಮತ್ತು ಅವರ ಸಹೋದ್ಯೋಗಿಗಳು ಕೃಷಿಯ ಹತ್ತಿಗಳೆಲ್ಲ ನಾಲ್ಕೇ ಜಾತಿಗಳೆಂದು ನಿರ್ಣಯಿಸಿದರು: ಏಷ್ಯದವು ಎರಡು, ಅಮೆರಿಕದವು ಎರಡು. ಇಂದಿಗೂ ಆ ಲೆಕ್ಕವೇ ನಡೆದಿದೆ. 1972ರಲ್ಲಿ ಧಾರವಾಡದ ಡಾ. ಬಿ. ಎಚ್. ಕಾತರಕಿ ಅವರು ವರಲಕ್ಷ್ಮಿ ಎಂಬ ಪ್ರಸಿದ್ಧ ಸಂಕರ ಹತ್ತಿಯನ್ನು ನೀಡಿದಾಗ ಈ ಕುಲವಿಚಾರದ ಬೆಲೆ ನಮ್ಮ ನಾಡಿಗೆ ಪ್ರತ್ಯಕ್ಷವಾಯಿತು. ಅದರ ತಾಯಿ ಲಕ್ಷ್ಮಿ, ಗದಗ 1ರ ವಂಶದ ಹತ್ತಿ. ತಂದೆ ಉದ್ದ ಎಳೆಯ ಸೀ ಐಲೆಂಡ್ ಬಳಗದ್ದು. ಜಾತಿ ಬೇರೆಯಾದರೂ ಇಬ್ಬರಲ್ಲಿಯೂ ವರ್ಣತಂತು 26 ಜೊತೆ. ಆದುದರಿಂದಲೇ ಆ ಸಂಬಂಧ ಫಲಿಸಿತು. 2001ರ ಕಾನೂನಿನಂತೆ ಇಂದು ಹೊಸ ತಳಿಯನ್ನು ನೋಂದಾಯಿಸಬೇಕಾದರೂ ಅದು ಉಳಿದ ತಳಿಗಳಿಂದ ಹೇಗೆ ಬೇರೆಯೆಂಬುದನ್ನು ತೋರಿಸಲೇಬೇಕು. ಎಲೆಯ ಆಕಾರ, ದಳದ ಬಣ್ಣ, ದಳದ ಮಚ್ಚೆ, ಕಾಯಿಯ ರೂಪಗಳೇ ಅಲ್ಲಿಯೂ ಸಾಕ್ಷಿಗಳು.

ರಜೆಯಲ್ಲಿ ಊರಿಗೆ ಹೋಗುವ ನಮ್ಮ ಮಿತ್ರರು ಹುಬ್ಬಳ್ಳಿ ಗದಗಿನ ಕಡೆ ಹೂಬಿಟ್ಟ ಹತ್ತಿಯ ಹೊಲವನ್ನು ಕಂಡರೆ, ಬದುವಿನ ಮೇಲೆ ಒಂದು ನಿಮಿಷ ನಿಂತು ಹೂವಿನ ಕೆಳಗಿನ ಆ ಮೂರು ಎಲೆಗಳನ್ನು ಬಿಡಿಸಿ ನೋಡಲಿ. ಜಾಲರಿಯಂತೆ ಹಲ್ಲು ಬಿಟ್ಟ ಬಿಡಿ ಎಲೆಗಳಾದರೆ ಅದು ಸಮುದ್ರದಾಚೆಯಿಂದ ಬಂದು ನಮ್ಮದಾದ ಹತ್ತಿ. ಬುಡದಲ್ಲಿ ಕೂಡಿದ ಕಿರುಹಲ್ಲಿನ ಎಲೆಗಳಾದರೆ, ಕುಮಟೆಯ ಹಡಗನ್ನೇರಿ ಮುಂಬಯಿಗೆ ಬರುತ್ತಿದ್ದ ಹಳೆಯ ಹತ್ತಿಯ ಬಳಗದ್ದು.