ಶಿಕ್ಷಕ ನಾಯಕ ಆಲ್ಬರ್ಟ್ ಶ್ಯಾಂಕರ್

ಮಹಾನಗರದ ವೈಭವವೆಲ್ಲ ಅದರ ಎತ್ತರದ ಸೌಧಗಳಲ್ಲಿದೆಯೆಂದು ಭಾವಿಸುವುದುಂಟು. ಆದರೆ ನಗರವು ನಿಂತಿರುವುದು ಬೀದಿ ಗುಡಿಸುವವರು, ನೀರು ಬಿಡುವವರು, ಬೆಂಕಿ ಆರಿಸುವವರು, ರೋಗಿಗಳ ಶುಶ್ರೂಷೆ ಮಾಡುವವರು, ಶಾಲೆಯಲ್ಲಿ ಪಾಠ ಹೇಳುವವರು ಮೊದಲಾದವರ ದುಡಿಮೆಯ ಮೇಲೆ. ಇವರಿಗೆ ಸಂಬಳ ಕೊಡುವವನು ಒಬ್ಬ ಧನಿಕನಲ್ಲ. ಜನರ ತೆರಿಗೆಯಿಂದ ತುಂಬುವ ಸಾರ್ವಜನಿಕ ಬೊಕ್ಕಸ. ಆ ಬೊಕ್ಕಸವೇ ಬರಿದಾದಾಗ ನೌಕರರು ಏನನ್ನು ಕೇಳಬೇಕು, ಏನನ್ನು ಬಿಟ್ಟುಕೊಡಬೇಕು? ಈ ಪ್ರಶ್ನೆಯು 1975ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಎದ್ದಿತು. ಅದಕ್ಕೆ ಉತ್ತರ ಹುಡುಕಬೇಕಾಗಿ ಬಂದವರಲ್ಲಿ ಆಲ್ಬರ್ಟ್ ಶ್ಯಾಂಕರ್ ಎಂಬ ಉಪಾಧ್ಯಾಯರೂ ಒಬ್ಬರು. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೆ ಸಂಗ್ರಹವಾಗಿ ತಿಳಿಸಬಯಸುತ್ತೇವೆ.

ಶ್ಯಾಂಕರ್ ಅವರು 1928ನೆಯ ಇಸವಿ ಸೆಪ್ಟೆಂಬರ್ 14ರಂದು ನ್ಯೂಯಾರ್ಕಿನಲ್ಲಿ ಜನಿಸಿದರು. ತಂದೆತಾಯಿಗಳು ಪೂರ್ವ ಯೂರೋಪಿನಿಂದ ವಲಸೆ ಬಂದ ಯೆಹೂದ್ಯರು. ತಂದೆ ನಸುಕಿನಲ್ಲೆದ್ದು ಮನೆಮನೆಗೆ ವೃತ್ತಪತ್ರಿಕೆಗಳನ್ನು ಹಂಚುತ್ತಿದ್ದರು. ತಾಯಿ ಉಡುಪುಗಳ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದರು. ಮನೆಯ ಮಾತು ಯಿಡ್ಡಿಷ್. ಬಾಲಕನು ಶಾಲೆಗೆ ಸೇರಿದಾಗ ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ ಎಂಬ ಅನುಭವವು ಪರಪ್ರಾಂತದ ನಗರದಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡದ ಮಕ್ಕಳಿಗೆ ಹೊಸದಲ್ಲ. ಯೆಹೂದ್ಯನೆಂಬ ಕಾರಣಕ್ಕೆ ನೆರೆಹೊರೆಯ ಹುಡುಗರಿಂದ ಅವನಿಗೆ ಬಹಳ ಕಿರುಕುಳವೂ ಆಗುತ್ತಿತ್ತು. ಹೊಲಿಗೆ ಕಾರ್ಮಿಕರ ಸಂಘದಿಂದಲೇ ತಮ್ಮ ಬದುಕು ಸುಧಾರಿಸಿತೆಂದು ತಾಯಿ ದೃಢವಾಗಿ ನಂಬಿದ್ದರು. ಆ ನಂಬಿಕೆ ಮಗನಿಗೂ ಬಂದಿತು.

ಶ್ಯಾಂಕರ್ ಅವರು ಸ್ಟೈವೆಸೆಂಟ್ ಪ್ರೌಢಶಾಲೆಯಲ್ಲಿ ಓದುವಾಗಲೇ ಚರ್ಚಾಪಟುವೆಂದು ಹೆಸರಾದರು. ಇಲಿನಾಯ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಉನ್ನತ ವ್ಯಾಸಂಗ ಮಾಡಿದರು. ಆದರೆ ಕೈಯಲ್ಲಿ ಹಣ ಉಳಿಯಲಿಲ್ಲ. 1952ರಲ್ಲಿ ವ್ಯಾಸಂಗವನ್ನು ನಿಲ್ಲಿಸಿ, ಪೂರ್ವ ಹಾರ್ಲೆಮ್ ಎಂಬ ಬಡಾವಣೆಯ ಶಾಲೆಯಲ್ಲಿ ಬದಲಿ ಶಿಕ್ಷಕರಾಗಿ ಸೇರಿಕೊಂಡರು.

ಮೊದಲ ದಿನಗಳು ಕಷ್ಟದವು. ತರಗತಿ ಹತೋಟಿಗೆ ಬರಲೊಲ್ಲದು. ಒಂದು ದಿನ ಸಹಾಯಕ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಬಂದು ನಿಂತಾಗ, ತಮಗೆ ನೆರವು ಸಿಕ್ಕೀತೆಂದು ಹೊಸ ಶಿಕ್ಷಕರು ಆಶೆಪಟ್ಟರು. ಬಂದವರು ನೆಲದ ಮೇಲೆ ಬಿದ್ದಿದ್ದ ಕಾಗದದ ಚೂರುಗಳನ್ನು ತೋರಿಸಿ ಹೊರಟುಹೋದರು. ಉಪಾಧ್ಯಾಯನಿಗೆ ಅಲ್ಪ ವೇತನ ಮಾತ್ರವಲ್ಲ, ಅಲ್ಪ ಗೌರವವೂ ದೊರೆಯುತ್ತಿದ್ದ ಕಾಲವದು. ಶ್ಯಾಂಕರ್ ಅವರು ಈ ಪ್ರಸಂಗವನ್ನು ಮುಂದೆ ಜೀವನದುದ್ದಕ್ಕೂ ನೆನೆಯುತ್ತಿದ್ದರು.

ನ್ಯೂಯಾರ್ಕಿನ ಶಿಕ್ಷಕರು ಆಗ ಅನೇಕ ಚಿಕ್ಕ ಚಿಕ್ಕ ಸಂಘಗಳಲ್ಲಿ ಹಂಚಿಹೋಗಿದ್ದರು. 1960ರಲ್ಲಿ ಸಂಯುಕ್ತ ಶಿಕ್ಷಕರ ಒಕ್ಕೂಟವು ಸ್ಥಾಪನೆಗೊಂಡಿತು. ಸರಕಾರಿ ನೌಕರರ ಮುಷ್ಕರವನ್ನು ಕಾನೂನು ನಿಷೇಧಿಸಿದ್ದರೂ ಅದೇ ವರ್ಷದ ನವೆಂಬರ್ 7ರಂದು ಸಾವಿರಾರು ಶಿಕ್ಷಕರು ಒಂದು ದಿನದ ಮುಷ್ಕರ ಹೂಡಿದರು. ಮರುವರ್ಷ ಒಕ್ಕೂಟವು ಎಲ್ಲ ಶಿಕ್ಷಕರ ಪರವಾಗಿ ಮಾತುಕತೆ ನಡೆಸುವ ಹಕ್ಕನ್ನು ಚುನಾವಣೆಯಲ್ಲಿ ಗೆದ್ದುಕೊಂಡಿತು. 1964ರಲ್ಲಿ ಶ್ಯಾಂಕರ್ ಅವರು ಅದರ ಅಧ್ಯಕ್ಷರಾದರು. 1967ರ ಮುಷ್ಕರಕ್ಕಾಗಿ ಅವರು 15 ದಿನಗಳ ಸೆರೆವಾಸವನ್ನೂ ಅನುಭವಿಸಬೇಕಾಯಿತು.

ಅವರ ಕಾರ್ಯವೆಲ್ಲವೂ ಸರ್ವರ ಮೆಚ್ಚುಗೆಗೆ ಪಾತ್ರವಾಯಿತೆಂದು ಹೇಳಲಾಗದು. ಬ್ರೂಕ್ಲಿನ್ ಭಾಗದ ಒಂದು ಕರಿಯ ಜನರ ಬಡಾವಣೆಯಲ್ಲಿ ಸ್ಥಳೀಯ ಶಾಲಾ ಮಂಡಲಿಯು ಕೆಲವು ಶಿಕ್ಷಕರನ್ನು ಹೊರಗೆ ಕಳುಹಿಸಿದಾಗ, 1968ರ ಶರತ್ಕಾಲದಲ್ಲಿ ಶಾಲೆಗಳು 36 ದಿನಗಳ ಕಾಲ ಮುಷ್ಕರಕ್ಕೆ ಸಿಲುಕಿದವು. ಮಾರ್ಟಿನ್ ಲೂಥರ್ ಕಿಂಗ್ ಅವರ ಚಳವಳಿಯಲ್ಲಿ ಜೊತೆಗೂಡಿ ನಡೆದಿದ್ದ ಶ್ಯಾಂಕರ್ ಅವರು, ಅದೇ ಸಮುದಾಯದ ಅನೇಕರ ಕೋಪಕ್ಕೆ ಗುರಿಯಾದರು. ಆ ಗಾಯ ಬಹುಕಾಲ ಮಾಯಲಿಲ್ಲ. ಅನಂತರ ಅವರು ತರಗತಿಗಳಲ್ಲಿ ಸಹಾಯಕರಾಗಿ ದುಡಿಯುತ್ತಿದ್ದ, ಬಹುಮಟ್ಟಿಗೆ ಕರಿಯರೂ ಸ್ಪ್ಯಾನಿಷ್ ಭಾಷಿಕರೂ ಆಗಿದ್ದ, ಬಡ ತಾಯಂದಿರನ್ನು ಒಕ್ಕೂಟಕ್ಕೆ ಸೇರಿಸಿಕೊಂಡರು. 1970ರ ಒಪ್ಪಂದದ ಮೂಲಕ ಅವರ ವೇತನ ಹೆಚ್ಚಿತು. ಕಾಲೇಜಿನಲ್ಲಿ ಓದಿ ಶಿಕ್ಷಕಿಯರಾಗುವ ದಾರಿಯೂ ತೆರೆಯಿತು. 1974ರಲ್ಲಿ ಶ್ಯಾಂಕರ್ ಅವರು ದೇಶದ ಶಿಕ್ಷಕರ ಮಹಾಮಂಡಲಕ್ಕೂ ಅಧ್ಯಕ್ಷರಾದರು.

ಇನ್ನು 1975ರ ಪರೀಕ್ಷಾಕಾಲಕ್ಕೆ ಬರೋಣ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ನ್ಯೂಯಾರ್ಕ್ ನಗರವು ಅದನ್ನು ಮರೆತಿತ್ತು. ಕಾರ್ಖಾನೆಗಳು ಊರು ಬಿಡುತ್ತಿದ್ದವು. ಅನುಕೂಲವಂತರು ಹೊರವಲಯಗಳಿಗೆ ಹೋಗಿ ನೆಲೆಸಿದ್ದರು. ತೆರಿಗೆಯ ಆದಾಯ ಕುಗ್ಗಿತ್ತು. ದಿನನಿತ್ಯದ ವೆಚ್ಚಕ್ಕೂ ನಗರಾಡಳಿತವು ಅಲ್ಪಾವಧಿಯ ಸಾಲ ಎತ್ತಿ, ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುತ್ತಿತ್ತು. ಇಂತಹ ಸಾಲವೇ ಸುಮಾರು 600 ಕೋಟಿ ಡಾಲರುಗಳಾದಾಗ, 1975ರ ವಸಂತಕಾಲದಲ್ಲಿ, ಬ್ಯಾಂಕುಗಳು ಕೈ ಬಿಗಿಹಿಡಿದವು. ಮೇಯರ್ ಏಬ್ರಹಾಂ ಬೀಮ್ ಅವರು ಸಾವಿರಾರು ನೌಕರರನ್ನು ಕೆಲಸದಿಂದ ತೆಗೆದರು. ಜುಲೈ ತಿಂಗಳಲ್ಲಿ ಕಸ ಸಾಗಿಸುವವರು ಕೆಲಸ ನಿಲ್ಲಿಸಿದ್ದರಿಂದ ಬೀದಿಗಳಲ್ಲಿ ಕಸದ ರಾಶಿ ಬೆಳೆಯಿತು. ನಗರಕ್ಕಾಗಿ ಸಾಲಪತ್ರಗಳನ್ನು ಮಾರಿ ಹಣ ಒದಗಿಸಲೆಂದು ರಾಜ್ಯ ಸರಕಾರವು ಒಂದು ಸಹಾಯಕ ನಿಗಮವನ್ನೂ, ನಗರದ ವೆಚ್ಚದ ಮೇಲೆ ಕಣ್ಣಿಡಲು ಒಂದು ಹಣಕಾಸು ನಿಯಂತ್ರಣ ಮಂಡಲಿಯನ್ನೂ ರಚಿಸಿತು.

ಸೆಪ್ಟೆಂಬರಿನಲ್ಲಿ ಶಾಲೆಗಳು ತೆರೆದಾಗ ಸಾವಿರಾರು ಶಿಕ್ಷಕರು ಕೆಲಸ ಕಳೆದುಕೊಂಡಿದ್ದರು. ತರಗತಿಗಳಲ್ಲಿ ಮಕ್ಕಳು ಕಿಕ್ಕಿರಿದಿದ್ದರು. ಸಿಟ್ಟಿಗೆದ್ದ ಶಿಕ್ಷಕರು ಸೆಪ್ಟೆಂಬರ್ 9ರಂದು ಮುಷ್ಕರ ಹೂಡಿದರು. ಆದರೆ ಈ ಸಲ ಮುಷ್ಕರದ ಆಯುಧವೇ ಮೊಂಡಾಗಿತ್ತು. ಕಾರ್ಖಾನೆ ನಿಂತರೆ ಅದರ ಒಡೆಯನಿಗೆ ನಷ್ಟ. ಶಾಲೆ ನಿಂತರೆ ಬರಿದಾದ ಬೊಕ್ಕಸಕ್ಕೆ ಸಂಬಳದ ಉಳಿತಾಯ! ಅದರ ಮೇಲೆ, ಮುಷ್ಕರದ ಒಂದೊಂದು ದಿನಕ್ಕೂ ಎರಡು ದಿನಗಳ ವೇತನವನ್ನು ಕಳೆಯಬೇಕೆಂದು ಕಾನೂನು ವಿಧಿಸಿತ್ತು. ಐದು ಶಾಲಾ ದಿನಗಳ ಬಳಿಕ ರಾಜಿಯಾಯಿತು. ಶಿಕ್ಷಕರು ಪಾಠಸಿದ್ಧತೆಯ ಎರಡು ಅವಧಿಗಳನ್ನು ಬಿಟ್ಟುಕೊಟ್ಟರು. ವಾರದ ಪಾಠದ ಕಾಲವನ್ನು ಒಂದೂವರೆ ಗಂಟೆಯಷ್ಟು ಕಡಿಮೆ ಮಾಡಲಾಯಿತು. ಪೋಷಕರು ಇದನ್ನು ಮೆಚ್ಚಲಿಲ್ಲ. ಇಷ್ಟಾದರೂ ಆ ಒಪ್ಪಂದವನ್ನು ನಿಯಂತ್ರಣ ಮಂಡಲಿಯು ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಮಾತುಕತೆಯ ಮೇಜಿನ ಬಳಿ ಕುಳಿತವರಿಗೆ ಕೊಡುವ ಅಧಿಕಾರವಿಲ್ಲ, ಅಧಿಕಾರವಿದ್ದವರು ಮೇಜಿನ ಬಳಿ ಇಲ್ಲ ಎಂಬ ವಿಚಿತ್ರ ಸ್ಥಿತಿ ಒದಗಿತು.

ಅದೇ ತಿಂಗಳ 17ನೆಯ ತಾರೀಖು ಶುಕ್ರವಾರ ನಗರವು ಸುಮಾರು 45 ಕೋಟಿ ಡಾಲರುಗಳ ಸಾಲವನ್ನು ಹಿಂದಿರುಗಿಸಬೇಕಾಗಿತ್ತು. ಅದಕ್ಕೆ ಬೇಕಾದ ಹಣದಲ್ಲಿ 15 ಕೋಟಿ ಡಾಲರುಗಳು ಶಿಕ್ಷಕರ ನಿವೃತ್ತಿ ನಿಧಿಯಿಂದ ಬರಬೇಕೆಂದೂ, ಆ ನಿಧಿಯು ನಿಗಮದ ಸಾಲಪತ್ರಗಳನ್ನು ಕೊಳ್ಳಬೇಕೆಂದೂ ಏರ್ಪಾಡಾಗಿತ್ತು. ಹಿಂದಿನ ರಾತ್ರಿ ನಿಧಿಯ ವಿಶ್ವಸ್ತರು ಒಪ್ಪಲಿಲ್ಲ. ಅವರ ಅಳುಕು ನ್ಯಾಯವಾದುದೇ. ಅದು ಸರಕಾರದ ಹಣವಲ್ಲ. ಜೀವಮಾನವಿಡೀ ಪಾಠ ಹೇಳಿದವರ ಮುಪ್ಪಿನ ಆಸರೆ. ತಮ್ಮ ಒಪ್ಪಂದವನ್ನು ಮುರಿದವರ ನೆರವಿಗೆ ಆ ಹಣವನ್ನು ಕೊಡುವುದೆಂತು? ಅದು ಮುಳುಗಿದರೆ ವೃದ್ಧ ಶಿಕ್ಷಕರಿಗೆ ಉತ್ತರ ಹೇಳುವವರಾರು? ಇತ್ತ ಹಣ ಬಾರದಿದ್ದರೆ ನಗರವು ದಿವಾಳಿ. ಆಗ ನೌಕರರ ಕರಾರುಗಳೂ ನಿವೃತ್ತಿ ವೇತನವೂ ನ್ಯಾಯಾಲಯದ ಕೈಗೆ ಹೋಗುವ ಭಯ.

ರಾತ್ರಿಯಿಂದ ಮರುದಿನ ಮಧ್ಯಾಹ್ನದವರೆಗೆ ಗವರ್ನರ್ ಹ್ಯೂ ಕೇರಿ ಮೊದಲಾದವರು ಶ್ಯಾಂಕರ್ ಅವರೊಡನೆ ಮಾತುಕತೆ ನಡೆಸಿದರು. ಮೇಯರರ ಬಳಿ ದಿವಾಳಿಯನ್ನು ಸಾರುವ ಹೇಳಿಕೆ ಸಿದ್ಧವಾಗಿತ್ತು. ಕೊನೆಗೆ ಶ್ಯಾಂಕರ್ ಅವರು ಸಮ್ಮತಿಸಿದರು. ನಿಧಿಯು ಸಾಲಪತ್ರಗಳನ್ನು ಕೊಳ್ಳುವುದೆಂದು ಆ ಮಧ್ಯಾಹ್ನ ಪ್ರಕಟವಾಯಿತು. ಬ್ಯಾಂಕುಗಳ ಬಾಗಿಲು ಮುಚ್ಚುವ ಮುನ್ನ ಹಣ ಒದಗಿತು. ಬೀಸುವ ದೊಣ್ಣೆ ತಪ್ಪಿತು.

ಆದರೆ ಕಷ್ಟಗಳು ಅಂದೇ ಮುಗಿಯಲಿಲ್ಲ. ವರ್ಷಾಂತ್ಯದಲ್ಲಿ ಕೇಂದ್ರ ಸರಕಾರವೂ ಸಾಲ ಕೊಡಲು ಒಪ್ಪಿತು. ನಗರದ ಇತರ ನೌಕರರ ನಿವೃತ್ತಿ ನಿಧಿಗಳೂ ಸಾಲಪತ್ರಗಳನ್ನು ಕೊಂಡವು. ಕೆಲಸ ಕಳೆದುಕೊಂಡ ಶಿಕ್ಷಕರಲ್ಲಿ ಎಷ್ಟೋ ಮಂದಿ ಶಾಲೆಗೆ ಹಿಂದಿರುಗಲೇ ಇಲ್ಲ. ನಗರದ ವಿಶ್ವವಿದ್ಯಾಲಯದಲ್ಲಿ ತಲೆಮಾರುಗಳಿಂದ ನಡೆದುಬಂದಿದ್ದ ಉಚಿತ ಶಿಕ್ಷಣವು 1976ರಲ್ಲಿ ನಿಂತುಹೋಯಿತು. ಹೊರೆಯ ದೊಡ್ಡ ಪಾಲು ಬಡವರ ಮಕ್ಕಳ ಮೇಲೆಯೇ ಬಿತ್ತೆಂಬ ಮಾತಿನಲ್ಲಿ ಸತ್ಯವಿದೆ. 1981ರ ಹೊತ್ತಿಗೆ ನಗರದ ಆಯವ್ಯಯ ಸರಿತೂಗಿತು. ಸಹಾಯಕ ನಿಗಮವು ತನ್ನ ಸಾಲವನ್ನೆಲ್ಲ ತೀರಿಸಿ 2008ರಲ್ಲಿ ಕಾರ್ಯವನ್ನು ಮುಗಿಸಿತು. ನಿಧಿಯ ಹಣ ಮುಳುಗಲಿಲ್ಲ.

ಶ್ಯಾಂಕರ್ ಅವರು ಮುಂದಿನ ವರ್ಷಗಳಲ್ಲಿ ಶಿಕ್ಷಣದ ಗುಣಮಟ್ಟಕ್ಕಾಗಿ ಬರೆದರು, ವಾದಿಸಿದರು. ಶಿಕ್ಷಕರ ಹಕ್ಕನ್ನು ಕೇಳುವ ಸಂಘವು ಮಕ್ಕಳ ಕಲಿಕೆಯ ಹೊಣೆಯನ್ನೂ ಹೊರಬೇಕೆಂಬುದು ಅವರ ನಿಲುವಾಗಿತ್ತು. 1997ನೆಯ ಇಸವಿ ಫೆಬ್ರವರಿ 22ರಂದು, ತಮ್ಮ 68ನೆಯ ವಯಸ್ಸಿನಲ್ಲಿ, ಅವರು ಕ್ಯಾನ್ಸರ್ ರೋಗದಿಂದ ನಿಧನರಾದರು. ಮರುವರ್ಷ ಅಮೆರಿಕದ ಅಧ್ಯಕ್ಷರು ಮರಣೋತ್ತರವಾಗಿ ಅವರಿಗೆ ಸ್ವಾತಂತ್ರ್ಯ ಪದಕವನ್ನಿತ್ತು ಗೌರವಿಸಿದರು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರ ಮನೆಗಳಲ್ಲಿ ನಗರಸಭೆಯ, ಸಾರಿಗೆಯ, ಆಸ್ಪತ್ರೆಯ ನೌಕರರಿರುವರು. ನಾಳೆ ನಿಮ್ಮಲ್ಲಿಯೂ ಕೆಲವರು ಅಂತಹ ಕೆಲಸಕ್ಕೆ ಸೇರುವಿರಿ. ಕೆಲವರು ಮೇಜಿನ ಆಚೆಯ ಬದಿಯಲ್ಲಿ ಕುಳಿತು ಲೆಕ್ಕ ನೋಡುವವರಾಗುವಿರಿ. ತಮ್ಮವರ ಪರವಾಗಿ ಹಟ ಹಿಡಿಯಲು ಧೈರ್ಯ ಬೇಕು. ಹಟ ಹಿಡಿದ ಮರುತಿಂಗಳೇ, ತಮ್ಮವರಿಂದ ನಿಂದೆ ಬಂದೀತೆಂದು ತಿಳಿದೂ, ಊರಿನ ಉಳಿವಿಗಾಗಿ ಕೈ ನೀಡಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ನಗರವು ಮುಳುಗಿದರೆ ನೌಕರನೂ ಮುಳುಗುವನು. ನೌಕರನನ್ನು ಮುಳುಗಿಸಿದ ನಗರವೂ ಬಹುಕಾಲ ತೇಲದು. ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡವನೇ ಮಾತುಕತೆಗೆ ಕುಳಿತುಕೊಳ್ಳಲು ಯೋಗ್ಯನೆಂದು ನಾವು ತಿಳಿದಿದ್ದೇವೆ.