ಕಡಲ ತಡಿಯಲ್ಲಿ ವಿದ್ಯಾಲಯ ಕಟ್ಟಿಸಿದ ಶ್ರೀನಿವಾಸ ಮಲ್ಯರು

ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿಗೆ ಕಾಗದ ಬರೆಯುವವರು ವಿಳಾಸದಲ್ಲಿ ಶ್ರೀನಿವಾಸನಗರ ಎಂಬ ಅಂಚೆಯ ಹೆಸರನ್ನು ಸೇರಿಸುತ್ತಾರೆ. ಇಂದಿನ ವಿದ್ಯಾರ್ಥಿಗಳು ಅದನ್ನು ಯಾವುದೋ ದೇವಸ್ಥಾನದ ಹೆಸರೆಂದು ತಿಳಿದರೂ ಆಶ್ಚರ್ಯವಿಲ್ಲ. ಅದು ದಿವಂಗತ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರು. ಓದನ್ನು ಅರ್ಧಕ್ಕೆ ಬಿಟ್ಟು ದೇಶಸೇವೆಗೆ ಇಳಿದ ಅವರು ಮುಂದೆ ಸಾವಿರಾರು ಮಂದಿ ಓದುವ ವಿದ್ಯಾಲಯವನ್ನೂ, ಅದರ ನೆರೆಯಲ್ಲೇ ಬೃಹತ್ ಬಂದರೊಂದನ್ನೂ ಕರಾವಳಿಗೆ ತಂದುಕೊಟ್ಟರು. ಮಕ್ಕಳನ್ನು ಯಾವ ಓದಿಗೆ ಕಳುಹಿಸಬೇಕೆಂದು ಯೋಚಿಸುತ್ತಿರುವ ನಮ್ಮ ಗಡಿನಾಡಿನ ತಾಯ್ತಂದೆಯರು ಅವರ ಬಾಳನ್ನು ಒಮ್ಮೆ ಅವಲೋಕಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮಲ್ಯರು ಹುಟ್ಟಿದ್ದು 1902ರ ನವೆಂಬರ್ 21ರಂದು, ಮಂಗಳೂರಿನ ಗೌಡ ಸಾರಸ್ವತ ಮನೆತನದಲ್ಲಿ. ಆಗಿನ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆ. ಕಾಸರಗೋಡು ಅದರ ತೆಂಕಣ ತಾಲೂಕು. ಕೋರ್ಟು, ಕಾಲೇಜು, ಪೇಟೆ, ಹಡಗು ಎಲ್ಲದಕ್ಕೂ ನಮ್ಮ ಹಿರಿಯರು ಮುಖ ಮಾಡುತ್ತಿದ್ದುದು ಮಂಗಳೂರಿಗೆ. ಗಾಂಧೀಜಿಯವರ ಕರೆ ಬಂದಾಗ ದೇಶದ ಅನೇಕ ತರುಣರಂತೆ ಮಲ್ಯರೂ ವಿದ್ಯಾಭ್ಯಾಸಕ್ಕೆ ಶರಣು ಹೇಳಿ ಚಳವಳಿಗೆ ಧುಮುಕಿದರು. ಕಾಂಗ್ರೆಸ್ಸಿನ ಸಂಘಟನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ಸಂವಿಧಾನ ಸಭೆಯಲ್ಲಿ ಮದರಾಸಿನ ಸದಸ್ಯರಾಗಿ ಕುಳಿತರು. ನೆಹರೂ ಅವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ಅಖಿಲ ಭಾರತ ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿಗಳಲ್ಲಿ ಒಬ್ಬರಾದರು. 1952, 1957 ಮತ್ತು 1962ರ ಮೂರೂ ಚುನಾವಣೆಗಳಲ್ಲಿ ಗೆದ್ದು ಲೋಕಸಭೆಗೆ ಹೋದರು.

ದಿಲ್ಲಿಯಲ್ಲಿ ಅಷ್ಟು ಹತ್ತಿರದ ಸಂಪರ್ಕವಿದ್ದವರು ಹಲವರಿದ್ದರು. ಆ ಸಂಪರ್ಕವನ್ನು ಅವರು ಯಾವುದಕ್ಕೆ ಬಳಸಿದರೆಂಬುದರಲ್ಲಿ ಮಲ್ಯರ ಹಿರಿಮೆ ಇದೆ. ಒಬ್ಬನಿಗೆ ಒಂದು ನೌಕರಿ ಕೊಡಿಸಿದರೆ ಒಂದು ಮನೆಯ ಒಲೆ ಉರಿಯುತ್ತದೆ. ಒಂದು ಸಂಸ್ಥೆಯನ್ನು ತಂದರೆ ತಲೆತಲಾಂತರಕ್ಕೆ ಅನ್ನ ಸಿಗುತ್ತದೆ. ಮಲ್ಯರು ಎರಡನೆಯ ದಾರಿಯನ್ನು ಹಿಡಿದರು. 1951ರಲ್ಲಿ ಬಜಪೆಯ ವಿಮಾನ ನಿಲ್ದಾಣ, ಕರಾವಳಿಯುದ್ದಕ್ಕೆ ಹೆದ್ದಾರಿ, ಇಂಜಿನಿಯರಿಂಗ್ ಕಾಲೇಜು, ಹೊಸ ಬಂದರು, ಹೀಗೆ ಒಂದಕ್ಕೊಂದು ಪೂರಕವಾದ ಕೆಲಸಗಳ ಹಿಂದೆ ಅವರ ಶ್ರಮವಿತ್ತು. ಅವರನ್ನು ನವ ದಕ್ಷಿಣ ಕನ್ನಡದ ಶಿಲ್ಪಿಯೆಂದು ಜನ ಕರೆಯುವುದು ಬರಿಯ ಹೊಗಳಿಕೆಯಲ್ಲ.

ಬಂದರಿನ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವಲ್ಲಿದೆ. ನದಿಗಳು ಹೊತ್ತು ತರುವ ಹೂಳು, ಕಡಲ ತೆರೆಗಳು ತಂದೊಟ್ಟುವ ಮರಳು, ಎರಡೂ ಅಳಿವೆಯಲ್ಲಿ ದಿಬ್ಬ ಕಟ್ಟುತ್ತವೆ. ಆದುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾರದೆ ಹೊರಗಡಲಿನಲ್ಲೇ ಲಂಗರು ಹಾಕುತ್ತಿದ್ದವು. ಕಾಫಿ, ಗೋಡಂಬಿ, ಹೆಂಚುಗಳನ್ನು ಮಂಜಿ, ದೋಣಿಗಳಲ್ಲಿ ಹೇರಿಕೊಂಡು ಹೋಗಿ ಹಡಗಿಗೆ ತುಂಬಬೇಕಿತ್ತು. ಮಳೆಗಾಲದ ತಿಂಗಳುಗಳಲ್ಲಿ ಅದೂ ಇಲ್ಲ. ಬಂದರಿನ ಕೆಲಸ ನಿಲ್ಲುತ್ತಿತ್ತು, ಕೂಲಿಯವರ ಕೈ ಬರಿದಾಗುತ್ತಿತ್ತು.

ಇದಕ್ಕೆ ಪರಿಹಾರವಾಗಿ ಅಳಿವೆಯನ್ನು ಬಿಟ್ಟು, ಅಲ್ಲಿಂದ ಬಡಗಕ್ಕೆ ಪಣಂಬೂರಿನಲ್ಲಿ ಹೊಸ ಬಂದರನ್ನು ಕಟ್ಟುವ ಯೋಜನೆ ಸಿದ್ಧವಾಯಿತು. ಅಲ್ಲಿ ದೇವರು ಕೊಟ್ಟ ಕೊಲ್ಲಿಯಾಗಲೀ ಕಡಲಿಗೆ ಚಾಚಿದ ಗುಡ್ಡವಾಗಲೀ ಇಲ್ಲ; ನೇರವಾದ ಮರಳ ದಂಡೆ ಅಷ್ಟೆ. ಆದುದರಿಂದ ನೆಲವನ್ನೇ ಅಗೆದು ಒಳಗೆ ಕೃತಕ ಕೊಳವನ್ನು ಮಾಡಿ, ತೆರೆಗಳನ್ನು ತಡೆಯಲು ಕಡಲೊಳಕ್ಕೆ ಎರಡು ಕಲ್ಲಿನ ಕಟ್ಟೆಗಳನ್ನು ಹಾಕಿ, ಹಡಗು ಬರಲು ಕಡಲತಳದಲ್ಲಿ ಏಳು ಕಿಲೋಮೀಟರಿಗೂ ಮಿಕ್ಕಿದ ಕಾಲುವೆಯನ್ನು ತೋಡಬೇಕಾಯಿತು. ಕಾಲುವೆಯನ್ನು ಒಮ್ಮೆ ತೋಡಿದರೆ ಸಾಲದು. ಪ್ರತಿ ಮಳೆಗಾಲವೂ ಅದನ್ನು ಹೂಳಿನಿಂದ ತುಂಬಲು ಯತ್ನಿಸುತ್ತದೆ, ಪ್ರತಿ ವರ್ಷವೂ ಹೂಳೆತ್ತಬೇಕು. ತೆರೆ ಯಾವ ಕೋನದಲ್ಲಿ ಬಡಿಯುತ್ತದೆ, ಮರಳು ಯಾವ ಕಡೆಗೆ ಸರಿಯುತ್ತದೆ, ಎಷ್ಟು ಭಾರದ ಕಲ್ಲು ಅಲುಗದೆ ನಿಲ್ಲುತ್ತದೆ ಎಂಬ ಲೆಕ್ಕ ಬಲ್ಲವರಿಲ್ಲದೆ ಇಂತಹ ಬಂದರು ಒಂದು ಮಳೆಗಾಲವನ್ನೂ ತಾಳದು.

ಈ ಲೆಕ್ಕವನ್ನು ಕಲಿಸುವ ವಿದ್ಯೆಗೂ ಮಲ್ಯರ ಹೆಸರಿಗೂ ನಂಟು ಬೆಳೆದದ್ದು ಸುರತ್ಕಲ್ಲಿನಲ್ಲಿ. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ದೇಶದ ಕಾರ್ಖಾನೆ ಕಟ್ಟೆಗಳಿಗೆ ಬೇಕಾದ ಇಂಜಿನಿಯರುಗಳನ್ನು ತಯಾರು ಮಾಡಲು ಕೇಂದ್ರ ಮತ್ತು ರಾಜ್ಯ ಸರಕಾರಗಳು ಕೂಡಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜುಗಳನ್ನು ತೆರೆಯತೊಡಗಿದವು. ಅಂತಹ ಒಂದು ಕಾಲೇಜನ್ನು ಮಲ್ಯರು ಕರಾವಳಿಗೆ ತಂದರು. ಜಾಗ ಒದಗಿಸುವ ಕೆಲಸದಲ್ಲಿ ಮಂಗಳೂರಿನ ಉದ್ಯಮಿ ವಿ. ಎಸ್. ಕುಡ್ವರು ಹೆಗಲು ಕೊಟ್ಟರು. 1960ರ ಆಗಸ್ಟ್ 6ರಂದು ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಆರಂಭದಲ್ಲಿದ್ದುದು ಸಿವಿಲ್, ಮೆಕ್ಯಾನಿಕಲ್, ಇಲೆಕ್ಟ್ರಿಕಲ್ ಎಂಬ ಮೂರೇ ವಿಭಾಗಗಳು. 2002ರಲ್ಲಿ ಅದು ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯಾಯಿತು. ಕ್ಯಾಂಪಸ್ಸಿನ ಅಂಚನ್ನು ಅರಬ್ಬೀ ಕಡಲೇ ತೊಳೆಯುತ್ತದೆ.

ಕಡಲು ಇಷ್ಟು ಹತ್ತಿರವಿದ್ದರೆ ಅದರ ವಿದ್ಯೆ ದೂರವಿರಲಾದೀತೇ? ಅಪ್ಲೈಡ್ ಮೆಕ್ಯಾನಿಕ್ಸ್ ಮತ್ತು ಹೈಡ್ರಾಲಿಕ್ಸ್ ಎಂದು ಹೆಸರಾಗಿದ್ದ ವಿಭಾಗದಲ್ಲಿ, ಕಡಲೊಳಗಣ ಕಟ್ಟಡಗಳನ್ನು ಕುರಿತ ಮೆರೈನ್ ಸ್ಟ್ರಕ್ಚರ್ಸ್ ಎಂಬ ಎಂ.ಟೆಕ್. ವ್ಯಾಸಂಗ ಬೆಳೆದು ಬಂತು. ಆ ವಿಭಾಗವನ್ನು ಈಗ ಜಲಸಂಪನ್ಮೂಲ ಮತ್ತು ಸಾಗರ ಇಂಜಿನಿಯರಿಂಗ್ ವಿಭಾಗವೆಂದು ಕರೆಯುತ್ತಾರೆ. ಅಲ್ಲಿ 50 ಮೀಟರ್ ಉದ್ದದ ಒಂದು ತೆರೆತೊಟ್ಟಿ ಇದೆ. ಅದರ ಒಂದು ತುದಿಯಲ್ಲಿ ಯಂತ್ರದಿಂದ ತೆರೆ ಎಬ್ಬಿಸಿ, ಇನ್ನೊಂದು ತುದಿಯಲ್ಲಿ ಅಲೆತಡೆಯ ಪುಟ್ಟ ಮಾದರಿಯನ್ನು ಕಟ್ಟಿಟ್ಟು, ಯಾವ ಕಲ್ಲು ನಿಂತಿತು, ಯಾವುದು ಉರುಳಿತು ಎಂದು ಎಣಿಸಿ ನೋಡುತ್ತಾರೆ. ಹೊರಗಣ ಕಡಲು ಕೋಟಿಗಟ್ಟಲೆ ಹಣ ನುಂಗಿ ಕಲಿಸುವ ಪಾಠವನ್ನು ತೊಟ್ಟಿಯ ನೀರು ಅಗ್ಗವಾಗಿ ಕಲಿಸುತ್ತದೆ.

ಇಲ್ಲೊಂದು ಮಾತನ್ನು ಪೋಷಕರಿಗೆ ಸ್ಪಷ್ಟಪಡಿಸಬೇಕು. ಕಡಲಿನ ಇಂಜಿನಿಯರಿಂಗ್ ಎಂದರೆ ಒಂದೇ ವಿದ್ಯೆಯಲ್ಲ. ಹಡಗಿನ ಯಂತ್ರಗಳನ್ನು ನಡೆಸುವುದು ಮೆರೈನ್ ಇಂಜಿನಿಯರಿಂಗ್. ಅದನ್ನು ಓದಿದವರು ತಿಂಗಳುಗಟ್ಟಲೆ ಕಡಲಿನ ಮೇಲಿರುತ್ತಾರೆ. ಹಡಗಿನ ಒಡಲನ್ನು ರೂಪಿಸುವುದು ಇನ್ನೊಂದು ವಿದ್ಯೆ, ಖರಗ್‌ಪುರದ ಐ.ಐ.ಟಿ.ಯಲ್ಲಿ ಅದನ್ನು 1952ರಿಂದ ಕಲಿಸುತ್ತಿದ್ದಾರೆ, ನಮ್ಮ ಕೇರಳದ ಕೊಚ್ಚಿ ವಿಶ್ವವಿದ್ಯಾಲಯದಲ್ಲೂ ಕಲಿಸುತ್ತಾರೆ. ಬಂದರು, ಅಲೆತಡೆ, ದಕ್ಕೆ, ದಂಡೆಯ ರಕ್ಷಣೆ ಇವು ಮೂರನೆಯದು. ಸುರತ್ಕಲ್ಲಿನದು ಈ ಮೂರನೆಯ ವಿದ್ಯೆ. ಮೊದಲು ಸಿವಿಲ್ ಓದಿ ಪದವಿ ಪಡೆದು, ಅನಂತರ ಕಡಲಿನ ಕಡೆಗೆ ಹೊರಳುವುದು ಇದರ ರೂಢಿಯ ದಾರಿ.

ಈಗ ನಮ್ಮ ಪ್ರಶ್ನೆಗೆ ಬರೋಣ. ಸುರತ್ಕಲ್ಲಿನ ಕಾಲೇಜು ತೆರೆಯುವುದಕ್ಕೆ ನಾಲ್ಕು ವರ್ಷ ಮುಂಚೆ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಹೋದವು. ಮನೆ, ನೆಂಟಸ್ತಿಕೆ, ಪೇಟೆ ಇದ್ದಲ್ಲೇ ಇದ್ದರೂ ಕಾಗದಪತ್ರದಲ್ಲಿ ನಾವು ಹೊರರಾಜ್ಯದವರಾದೆವು. ಆದರೆ ಪ್ರಾದೇಶಿಕ ಕಾಲೇಜಿನ ಕಟ್ಟಳೆಯಲ್ಲೇ ಒಂದು ಉದಾರತೆ ಇತ್ತು. ಅರ್ಧ ಸೀಟುಗಳು ಆ ರಾಜ್ಯದವರಿಗೆ. ಉಳಿದರ್ಧ ದೇಶದ ಬೇರೆ ರಾಜ್ಯಗಳವರಿಗೆ. ಮಂಜೇಶ್ವರದ ಮಗು ಕೇರಳದವನಾಗಿ, ಮದರಾಸು ರಾಜ್ಯದಲ್ಲೇ ಉಳಿದ ನೀಲಗಿರಿಯ ಸೋಲೂರಿನಂಥ ಬೆಟ್ಟದೂರಿನ ಬಡಗರ ಮಗು ತಮಿಳುನಾಡಿನವನಾಗಿ, ಒಂದೇ ತರಗತಿಯಲ್ಲಿ ಕೂರಲು ಆ ಎರಡನೆಯ ಅರ್ಧದಲ್ಲಿ ಎಡೆಯಿತ್ತು. ಇಂದಿಗೂ ಈ ಅರ್ಧರ್ಧದ ಕ್ರಮವೇ ನಡೆದಿದೆ.

ಆದರೆ ದಾರಿ ಸುಲಭವೆಂದು ನಾವು ಹೇಳಲಾರೆವು. ಪದವಿ ತರಗತಿಗೆ ಜೆ.ಇ.ಇ. ಮೈನ್ ಎಂಬ ಅಖಿಲ ಭಾರತ ಪರೀಕ್ಷೆಯನ್ನೂ, ಎಂ.ಟೆಕ್.ಗೆ ಗೇಟ್ ಪರೀಕ್ಷೆಯನ್ನೂ ಬರೆಯಬೇಕು. 2021ರಿಂದ ಜೆ.ಇ.ಇ. ಮೈನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯುತ್ತದೆ. ಆದರೆ ಅದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಕೇರಳದ ಕೇಂದ್ರದಲ್ಲಿ ಮಲಯಾಳವುಂಟು, ಇಂಗ್ಲಿಷುಂಟು, ಕನ್ನಡವಿಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಗು ಕನ್ನಡದ ಪ್ರಶ್ನೆಪತ್ರಿಕೆ ಬೇಕೆಂದರೆ ಅರ್ಜಿ ತುಂಬುವಾಗಲೇ ಮಂಗಳೂರಿನಂತಹ ಕೇಂದ್ರವನ್ನು ಆರಿಸಬೇಕು. ಈ ಸಣ್ಣ ವಿಷಯ ತಿಳಿಯದೆ ಒಂದು ವರ್ಷ ಕಳೆದುಕೊಳ್ಳುವಂತಾಗಬಾರದು. ಅಧ್ಯಾಪಕರು ಹನ್ನೊಂದನೆಯ ತರಗತಿಯಲ್ಲೇ ಇದನ್ನು ಮಕ್ಕಳಿಗೆ ತಿಳಿಸಬೇಕೆಂದು ವಿನಂತಿಸುತ್ತೇವೆ.

ಈ ವಿದ್ಯೆ ನಮಗೇಕೆ ಎಂದು ಕೇಳುವವರು ಉಪ್ಪಳದಿಂದ ಉಳ್ಳಾಲದವರೆಗಿನ ದಂಡೆಯನ್ನು ಮಳೆಗಾಲದಲ್ಲಿ ನೋಡಿ ಬರಲಿ. ತೆಂಗಿನ ಮರಗಳು ಬುಡಸಹಿತ ಕಡಲು ಪಾಲಾಗುತ್ತವೆ. ಸುರಿದ ಕಲ್ಲು ಮರಳಲ್ಲಿ ಹೂತು ಹೋಗುತ್ತದೆ. ಒಂದು ಕಡೆ ಗೋಡೆ ಕಟ್ಟಿದರೆ ಪಕ್ಕದ ದಂಡೆ ಕೊರೆಯುತ್ತದೆ. ಈ ದಂಡೆಯ ಭಾಷೆಯನ್ನೂ ಬಲ್ಲ, ತೆರೆಯ ಲೆಕ್ಕವನ್ನೂ ಬಲ್ಲ ಇಂಜಿನಿಯರು ನಮ್ಮ ಮನೆಗಳಿಂದಲೇ ಬಂದರೆ, ಮೀನುಗಾರರ ಅನುಭವ ಮತ್ತು ಪುಸ್ತಕದ ವಿದ್ಯೆ ಒಂದೆಡೆ ಕೂಡಿಯಾವು.

ಮಲ್ಯರು ತಮ್ಮ ಕೆಲಸದ ಫಲವನ್ನು ಪೂರ್ಣವಾಗಿ ಕಾಣಲಿಲ್ಲ. 1965ರ ಡಿಸೆಂಬರ್ 19ರಂದು ಅವರು ತೀರಿಕೊಂಡಾಗ ಕಾಲೇಜಿಗೆ ಕೇವಲ ಐದು ವರ್ಷ. ಬಂದರಿನ ಕಾಮಗಾರಿ ಇನ್ನೂ ನಡೆದಿತ್ತು. ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಘಟ್ಟದ ಮೇಲಣ ಸರಕನ್ನು ತರುವ ಹಾಸನ–ಮಂಗಳೂರು ರೈಲು ದಾರಿ ತೆರೆದದ್ದು 1979ರಲ್ಲಿ. ಈ ಅಭಿವೃದ್ಧಿಗೆ ಬೆಲೆ ತೆತ್ತವರನ್ನೂ ಮರೆಯಬಾರದು. ಪಣಂಬೂರಿನ ಸುತ್ತಿನ ಕುಟುಂಬಗಳು ಮನೆ, ಗದ್ದೆ, ದೈವಸ್ಥಾನಗಳನ್ನು ಬಿಟ್ಟು ಕಾಟಿಪಳ್ಳದಂತಹ ಕಡೆಗಳಲ್ಲಿ ಹೊಸದಾಗಿ ಬಾಳು ಕಟ್ಟಿಕೊಳ್ಳಬೇಕಾಯಿತು. ಬಂದರಿನ ಚರಿತ್ರೆಯಲ್ಲಿ ಅವರಿಗೂ ಒಂದು ಪುಟ ಸಲ್ಲಬೇಕು.

ಕಾಸರಗೋಡು ಮಲ್ಯರ ಚುನಾವಣಾ ಕ್ಷೇತ್ರವಾಗಿರಲಿಲ್ಲ. ನಮ್ಮ ಹೆಸರಿನಲ್ಲಿ ಅವರು ಓಟು ಕೇಳಿದವರೂ ಅಲ್ಲ. ಆದರೂ ಅವರು ಕಟ್ಟಿಸಿದ ವಿದ್ಯಾಲಯ ಕಾಸರಗೋಡು ಪೇಟೆಯಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ ಬಾಗಿಲು ತೆರೆದು ನಿಂತಿದೆ. ಗಡಿಯ ಗೆರೆಯನ್ನು ಅಳಿಸುವುದು ನಮ್ಮ ಮಕ್ಕಳ ಕೈಯಲ್ಲಿಲ್ಲ. ಗೆರೆಯಾಚೆಯ ಆ ತರಗತಿಗೆ ಅರ್ಹತೆಯಿಂದ ನಡೆದು ಹೋಗುವುದು ಅವರ ಕೈಯಲ್ಲಿದೆ. ಅದಕ್ಕೆ ಬೇಕಾದ ಗಣಿತ, ವಿಜ್ಞಾನಗಳ ತಳಪಾಯವನ್ನು ಊರಿನ ಶಾಲೆಯಲ್ಲೇ ಗಟ್ಟಿಯಾಗಿ ಹಾಕಿಕೊಡುವುದು ನಮ್ಮ ನಿಮ್ಮೆಲ್ಲರ ಹೊಣೆ.